ನೀರು ನಮ್ಮದು, ಮೀನು ಆಂಧ್ರದ್ದು

ಯರಗಟ್ಟಿ ಸಂತೆಯಲ್ಲಿ ಕಾಯಿಪಲ್ಯದ ಸಾಲು ಮುಗಿದು ಒಣಮೀನಿನ ವಾಸನೆ ಶುರುವಾಗುವ ಮೂಲೆಯಲ್ಲಿ ಒಬ್ಬಾಕೆ ಈಳಿಗೆಮಣೆ ಹಾಕಿಕೊಂಡು ಕೂತಿರುತ್ತಾಳೆ. ಮಗ್ಗುಲಲ್ಲಿ ಬಿಳಿ ಥರ್ಮಾಕೋಲ್ ಡಬ್ಬಿ. ಮುಚ್ಚಳ ಸರಿಸಿದರೆ ಪುಡಿ ಐಸು, ಅದರ ಕೆಳಗೆ ತಲೆ ಒಂದು ಕಡೆ ಬಾಲ ಒಂದು ಕಡೆ ಜೋಡಿಸಿಟ್ಟ ರೋಹು, ಕಾಟ್ಲಾ. ಡಬ್ಬಿಯ ಮೇಲೆ ನೀಲಿ ಶಾಯಿಯಲ್ಲಿ ತೆಲುಗು ಅಕ್ಷರ.

"ಎಲ್ಲಿ ಮೀನವ್ವಾ ಇವು?"

"ಆಂಧ್ರದ್ವುರೀ. ನಿನ್ನಿ ರಾತ್ರಿ ಗಾಡಿಗೆ ಬಂದಾವ."

"ನಮ್ಮ ಹೊಳಿ ಮೀನ ಇಲ್ಲೇನ?"

ಆಕೆ ಕೈಯಲ್ಲಿದ್ದ ಮೀನಿನ ಪೊರೆ ಕೆರೆಯುವುದನ್ನು ನಿಲ್ಲಿಸಲಿಲ್ಲ. "ಹೊಳಿ ಮೀನ ಸಿಕ್ಕಾಗ ಸಿಕ್ವುರೀ. ಅದನ್ನ ನಂಬಿ ಸಂತಿಗೆ ಕುಂದ್ರಾಕ ಆಗ್ತೈತೇನು?"

ನಾನು ಮೀನು ಕೊಳ್ಳುವವನಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಮೀನು ಬೇಯುವುದಿಲ್ಲ. ಅಂದಮೇಲೆ ನಿನಗ್ಯಾಕಪ್ಪಾ ಈ ವಿಚಾರ ಅನ್ನಬಹುದು. ಆದರೆ ಆ ಡಬ್ಬಿ ನನ್ನ ತಲೆಯಿಂದ ಹೋಗಿಲ್ಲ. ಸಂತೆಯಿಂದ ನವಿಲುತೀರ್ಥದ ಅಣೆಕಟ್ಟೆಗೆ ಮೋಟಾರ್ ಸೈಕಲ್ ಮೇಲೆ ಹೋಗಿ ಸಂಜೆಯೊಳಗೆ ಮನೆಗೆ ಬರಬಹುದು. ಅಲ್ಲಿ ಎರಡು ಗುಡ್ಡಗಳ ನಡುವಿನ ಸಂದಿಗೆ ಕಟ್ಟಿದ ಗೋಡೆಯ ಹಿಂದೆ ರೇಣುಕಾಸಾಗರ ನಿಂತಿದೆ, ತುಂಬಿದರೆ 37.73 ಟಿಎಂಸಿ. ಆ ನೀರು ಮಲಪ್ರಭೆಯಾಗಿ ಮುನವಳ್ಳಿ, ರಾಮದುರ್ಗ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯ ಪಾಲಾಗುತ್ತದೆ. ಕೃಷ್ಣೆ ವಿಜಯವಾಡದ ಪ್ರಕಾಶಂ ಬ್ಯಾರೇಜಿನಲ್ಲಿ ಕಾಲುವೆಗಳಾಗಿ ಒಡೆದು ಮುಖಜಭೂಮಿಯ ಗದ್ದೆ-ಹೊಂಡಗಳಿಗೆ ಹೋಗುತ್ತಾಳೆ. ಅಲ್ಲಿ ರೋಹು ಬೆಳೆಯುತ್ತದೆ. ಬೆಳೆದ ರೋಹು ಐಸು ಹೊದ್ದುಕೊಂಡು ನೂರಾರು ಮೈಲಿ ಹಿಂದಕ್ಕೆ ಬಂದು ನಮ್ಮ ಸಂತೆಯಲ್ಲಿ ಕೂರುತ್ತದೆ. ಹೋಗುವಾಗ ನೀರು, ಬರುವಾಗ ಮೀನು, ನಡುವಿನ ರೊಕ್ಕವೆಲ್ಲ ಅವರದ್ದು. ಆಂಧ್ರದವರು ಕಳ್ಳತನ ಮಾಡಿಲ್ಲ. ಅವರು ಕಲಿತರು, ನಾವು ಕಲಿಯಲಿಲ್ಲ.

ಈ 'ಕಲಿಯುವ' ವಿಚಾರವೇ ಇವತ್ತಿನ ಜಗಳ. ಕರ್ನಾಟಕಕ್ಕೆ ಪ್ರತ್ಯೇಕ ಮೀನುಗಾರಿಕೆ ವಿಶ್ವವಿದ್ಯಾಲಯ ಬೇಕು, ಅದು ಮಂಗಳೂರಿನಲ್ಲಿಯೇ ಆಗಬೇಕು ಎನ್ನುವ ಕೂಗು ಕರಾವಳಿಯಲ್ಲಿ ಹಳೆಯದು. ಕೇರಳಕ್ಕೆ ಇದೆ, ತಮಿಳುನಾಡಿಗೆ ನಾಗಪಟ್ಟಿಣದಲ್ಲಿದೆ, ನಮಗೇಕಿಲ್ಲ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಬಯಲುಸೀಮೆಗೂ ಒಂದು ಮೀನುಗಾರಿಕಾ ಕಾಲೇಜು ಬೇಕೆಂದು ಬಾಯಿ ಬಿಟ್ಟರೆ ಎರಡೂ ಕಡೆ ನಗೆ ಏಳುತ್ತದೆ. ಕರಾವಳಿಯವರು "ಸಮುದ್ರ ಎಲ್ಲಿದೆ ಮಾರಾಯ್ರೆ ನಿಮ್ಮಲ್ಲಿ?" ಎಂದು ನಗುತ್ತಾರೆ. ನಮ್ಮವರು "ಕಬ್ಬಿಗೇ ನೀರಿಲ್ಲ, ಮೀನಿಗೆ ಕಾಲೇಜಂತ!" ಎಂದು ನಗುತ್ತಾರೆ. ಈ ಎರಡು ನಗೆಗಳ ನಡುವೆ ಉತ್ತರ ಕರ್ನಾಟಕದ ಅಷ್ಟೂ ಜಲಾಶಯ, ಅಷ್ಟೂ ಕೆರೆ ಬಾಯಿ ತೆರೆದುಕೊಂಡು ಬಿದ್ದಿವೆ. ನಾನು ಹೇಳುವುದು ಇಷ್ಟು: ರಾಜ್ಯದ ಮುಂದಿನ ಮೀನುಗಾರಿಕಾ ಕಾಲೇಜು ಮಲಪ್ರಭೆಯ ದಂಡೆಯಲ್ಲಿ ಆಗಬೇಕು. ಕರಾವಳಿಯ ವಿಶ್ವವಿದ್ಯಾಲಯ ಆದರೂ ಆಗಬೇಕು, ಆಗದಿದ್ದರೂ ಆಗಬೇಕು.

ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದ್ದು. ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು. ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿತ್ತು, ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಆ ಕಾಲೇಜಿನ ಬಗ್ಗೆ ನನಗೆ ಗೌರವವಿದೆ. ದೇಶದ ಮೂಲೆಮೂಲೆಯ ಮೀನು ವಿಜ್ಞಾನಿಗಳಲ್ಲಿ ಅದರ ಅಂಗಳದಲ್ಲಿ ಓದಿದವರು ಸಿಗುತ್ತಾರೆ. ಆದರೆ ಅದು ಐವತ್ತು ವರ್ಷ ತುಂಬಿಸಿದಾಗಲೂ ರಾಜ್ಯ ಸರ್ಕಾರ ಅದಕ್ಕೊಂದು ತಂಗಿ ಕಾಲೇಜು ಕಟ್ಟಿರಲಿಲ್ಲ. ಅತ್ತ ಪಶುವೈದ್ಯಕೀಯ ಕಾಲೇಜುಗಳು ಶಿವಮೊಗ್ಗಕ್ಕೆ ಹೋದವು, ಹಾಸನಕ್ಕೆ ಹೋದವು, ಗದಗಿಗೆ ಬಂದವು, ನಮ್ಮದೇ ಜಿಲ್ಲೆಯ ಅಥಣಿಗೂ ಬಂದವು. ದನಕ್ಕೆ ಊರೂರಿಗೆ ಕಾಲೇಜು, ಮೀನಿಗೆ ಒಂದೇ.

ಸಮುದ್ರವಿಲ್ಲದ ಕಡೆ ಮೀನಿನ ಕಾಲೇಜು ಹೇಗೆ ಎಂದು ನಗುವವರು ಬೀದರಿನಿಂದ ಗಡಿ ದಾಟಿ ಉದಗೀರಕ್ಕೆ ಹೋಗಿ ಬರಲಿ. ಲಾತೂರು ಜಿಲ್ಲೆಯ ಉದಗೀರ, ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಮರಾಠವಾಡದ ನಾಡು. ಅಲ್ಲಿ ಮಹಾರಾಷ್ಟ್ರ ಸರ್ಕಾರ ಮೀನುಗಾರಿಕಾ ವಿಜ್ಞಾನದ ಕಾಲೇಜು ನಡೆಸುತ್ತಿದೆ. ರತ್ನಾಗಿರಿಯಲ್ಲಿ ಕಡಲ ಕಾಲೇಜು ಇದ್ದೂ ಅವರು ಉದಗೀರಕ್ಕೊಂದು, ನಾಗಪುರಕ್ಕೊಂದು ಕೊಟ್ಟರು. ತೆಲಂಗಾಣಕ್ಕಂತೂ ಸಮುದ್ರವೇ ಇಲ್ಲ. ರಾಜ್ಯ ಹುಟ್ಟಿ ಕೆಲವೇ ವರ್ಷಕ್ಕೆ ನಮ್ಮ ರಾಯಚೂರಿನ ಆಚೆ ವನಪರ್ತಿ ಜಿಲ್ಲೆಯ ಪೆಬ್ಬೇರಿನಲ್ಲಿ ಕಾಲೇಜು ತೆರೆಯಿತು. ನಮ್ಮ ಕೃಷ್ಣೆಯ ನೀರು ಹಾಯುವ ನಾಡಿನಲ್ಲೇ. ಎಡಕ್ಕೂ ಬಲಕ್ಕೂ ನೆರೆಯವರು ಒಣನೆಲದಲ್ಲಿ ಮೀನು ಓದಿಸುತ್ತಿರುವಾಗ, ಮೀನುಗಾರಿಕೆಯ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯನ್ನು ಬೀದರಿನಲ್ಲಿಟ್ಟುಕೊಂಡ ನಾವು ಮಾತ್ರ ಮೀನೆಂದರೆ ಪಡುವಣಕ್ಕೆ ಮುಖ ಮಾಡುತ್ತೇವೆ.

ಅಂಕಿಯ ಮಾತಿಗೆ ಬಂದರೂ ಅಷ್ಟೇ. ದೇಶದಲ್ಲಿ 2022-23ರಲ್ಲಿ ಬೆಳೆದ ಮತ್ತು ಹಿಡಿದ ಮೀನು ಒಟ್ಟು 175 ಲಕ್ಷ ಟನ್; ಅದರಲ್ಲಿ 131 ಲಕ್ಷ ಟನ್ ಕೆರೆ, ಹೊಂಡ, ನದಿ, ಜಲಾಶಯಗಳದ್ದು. ಕಡಲಿನ ಪಾಲು ನಾಲ್ಕಾಣೆ. ಕರ್ನಾಟಕದ ಕರಾವಳಿ 320 ಕಿಲೋಮೀಟರ್ ಉದ್ದ, ಒಳನಾಡಿನ ನೀರಿನ ಹರವು ಐದೂವರೆ ಲಕ್ಷ ಹೆಕ್ಟೇರಿಗಿಂತ ಹೆಚ್ಚು. ಈ ಲೆಕ್ಕ ಮೀನುಗಾರಿಕೆ ಇಲಾಖೆಯ ಕಾಗದದಲ್ಲೇ ಇದೆ. ವಿಜಯಪುರದ ಭೂತನಾಳದಲ್ಲಿ ವಿಶ್ವವಿದ್ಯಾಲಯದ ಒಂದು ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ, ಇಲ್ಲವೆನ್ನಲಾರೆ. ಆದರೆ ಕೇಂದ್ರಕ್ಕೆ ರೈತ ಹೋಗಿ ಸಲಹೆ ಕೇಳಬಹುದು. ರೈತನ ಮಗಳು ನಾಲ್ಕು ವರ್ಷ ಕೂತು ಓದಲಿಕ್ಕೆ ಆಗುವುದಿಲ್ಲ.

ರೈತನ ಮಗಳು ಎಂದದ್ದು ಬಾಯಿಮಾತಿಗಲ್ಲ. ನಮ್ಮಕ್ಕನ ಮಗಳಿಗೆ ಸಿಇಟಿಯಲ್ಲಿ ಬಂದ ರ್‍ಯಾಂಕಿಗೆ ಪಶುವೈದ್ಯ ಸಿಗಲಿಲ್ಲ, ಮೀನುಗಾರಿಕೆ ಪದವಿ ಬಿ.ಎಫ್.ಎಸ್ಸಿ. ಸಿಕ್ಕಿತು. ಮನೆಯಲ್ಲಿ ಕೋರ್ಟು ಕೂತಿತು. "ಮೀನ ಕಲಿಯಾಕ ನಾಕ ವರ್ಷ ಬೇಕೇನ ಯವ್ವಾ? ನಮ್ಮ ಬಾರಕೇರ ಮಂದಿ ಒಂದ ದಿನಾ ಸಾಲಿಗಿ ಹೋಗಲಾರದ ಹಿಡಿತಾರ" ಎಂದು ಅವಳ ಆಯಿ. "ಮಂದಿ ಕೇಳಿದ್ರ ಏನಂತ ಹೇಳೂದು?" ಎಂದು ನನ್ನ ಮಾವ. ಕೊನೆಗೆ "ಅಗ್ರಿ ಅಂತ ಹೇಳೂಣು" ಎಂದು ತೀರ್ಪಾಯಿತು. ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಗಾದ ಮೇಲೆ ಮಂಗಳೂರು. ಮೊದಲ ವರ್ಷ ಪ್ರತಿ ಸಲ ಊರಿಗೆ ಬಂದಾಗಲೂ ಆಯಿ ಅವಳು ತಲೆಗೆ ಎರೆದುಕೊಂಡ ಮೇಲಷ್ಟೇ ಅಡುಗೆಮನೆಗೆ ಬಿಡುತ್ತಿದ್ದಳು. ಹುಡುಗಿ ನಗುತ್ತ ಬಚ್ಚಲಿಗೆ ಹೋಗುತ್ತಿತ್ತು.

ಅವಳು ಹೊತ್ತು ತಂದ ಪುಸ್ತಕಗಳನ್ನು ನಾನೂ ತಿರುವಿದೆ. ನನ್ನ ತಲೆಯಲ್ಲಿದ್ದುದು ಬಲೆ, ದೋಣಿ. ಪುಸ್ತಕದಲ್ಲಿದ್ದುದು ನೀರಿನ ರಸಾಯನ, ಪಾಚಿ, ಮೀನಿನ ರೋಗ, ಮೇವಿನ ಲೆಕ್ಕ, ಹೊಂಡ ಕಟ್ಟುವ ಎಂಜಿನಿಯರಿಂಗು, ಐಸಿನಲ್ಲಿ ಇಡುವ ವಿಧಾನ, ಮಾರುಕಟ್ಟೆಯ ಅರ್ಥಶಾಸ್ತ್ರ, ಸಾಗರಶಾಸ್ತ್ರ, ಅದರ ಜೊತೆ ನೌಕಾಯಾನ. ನೌಕಾಯಾನ ಓದಿದ ಯರಗಟ್ಟಿಯ ಹುಡುಗಿ! ಅದನ್ನು ನೋಡಿ ನಗು ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. ಆದರೆ ಆ ಪುಸ್ತಕಗಳ ಮುಕ್ಕಾಲು ಪಾಲು ಸಮುದ್ರವನ್ನೇ ಕಾಣದ ನೀರಿಗೂ ಸಲ್ಲುವ ವಿದ್ಯೆ ಎಂಬುದು ನನಗೆ ತಿಳಿದದ್ದು ಓದಿನಿಂದಲ್ಲ, ಎರಡು ಘಟನೆಗಳಿಂದ.

ಒಂದು ವರ್ಷ ನಮ್ಮ ಕಡೆಯ ಒಂದು ಕೆರೆಗೆ ಮೀನುಮರಿ ಬಂದವು. ಸಣ್ಣ ಟೆಂಪೋ, ಅದರ ತುಂಬ ಆಮ್ಲಜನಕ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲಗಳು. ಒಂದೊಂದು ಚೀಲದಲ್ಲೂ ಜೀರಿಗೆ ಕಾಳಿಗಿಂತ ತುಸು ದೊಡ್ಡ ಮರಿಗಳು ಸಾವಿರಗಟ್ಟಲೆ. ಮಧ್ಯಾಹ್ನದ ಬಿಸಿಲು. ಗುತ್ತಿಗೆ ಹಿಡಿದವರ ಆಳುಗಳಿಗೆ ಇನ್ನೆರಡು ಕೆರೆಗೆ ಹೋಗುವ ಅವಸರ. ಚೀಲ ಹರಿದು ಹರಿದು ನೀರಿಗೆ ಸುರಿದರು. ಹತ್ತೇ ನಿಮಿಷ, ಎಲ್ಲ ಮುಗಿಯಿತು. ಫೋಟೋ ತೆಗೆದರು, ಸಹಿ ಮಾಡಿಸಿಕೊಂಡರು, ಹೋದರು. ಸಂಜೆ ದಂಡೆಯಲ್ಲಿ ನಿಂತು ನೋಡಿದರೆ ನೀರಿನಂಚಿಗೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬೆಳ್ಳಗೆ ಒಂದು ಗೆರೆ. ಕೈಯಲ್ಲಿ ಎತ್ತಿಕೊಂಡೆ: ಹೊಟ್ಟೆ ಮೇಲಾದ ಮರಿಗಳು.

ನಾನು ಹುಡುಗಿಗೆ ಫೋನು ಮಾಡಿದೆ. "ಮಾಮಾ, ಚೀಲಾನ ಹರೀದ ಹಂಗ ನೀರಾಗ ತೇಲಾಕ ಬಿಟ್ಟಿದ್ರೇನು?" ಎಂದು ಮೊದಲು ಕೇಳಿದಳು. ಚೀಲದೊಳಗಿನ ನೀರಿಗೂ ಕೆರೆಯ ನೀರಿಗೂ ಶಾಖದಲ್ಲಿ ವ್ಯತ್ಯಾಸವಿರುತ್ತದೆ. ಹದಿನೈದು ಇಪ್ಪತ್ತು ನಿಮಿಷ ಚೀಲವನ್ನು ಹಾಗೇ ತೇಲಿಸಿ, ಆಮೇಲೆ ಬಾಯಿ ಬಿಚ್ಚಿ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟು, ಮರಿಗಳು ತಾವಾಗಿ ಈಜಿ ಹೊರಬರುವಂತೆ ಮಾಡಬೇಕು. ಅದೂ ಬೆಳಗಿನ ಅಥವಾ ಇಳಿಹೊತ್ತಿನ ತಂಪಿನಲ್ಲಿ. ಇಲ್ಲದಿದ್ದರೆ ಒಂದೇ ಏಟಿಗೆ ಸಾಯುತ್ತವೆ. ಬಾಣಂತಿ ಕೋಣೆಯಿಂದ ಕೂಸನ್ನು ಎತ್ತಿಕೊಂಡು ಬಂದು ತಣ್ಣೀರಿನ ಹೌದಿಗೆ ಅದ್ದುವುದಿಲ್ಲವಲ್ಲ, ಅಷ್ಟೇ ಸಾದಾ ಮಾತು. ಆದರೆ ಆ ದಂಡೆಯಲ್ಲಿ ನಿಂತ ಹತ್ತು ಜನರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಲೆಕ್ಕದ ವಹಿಯಲ್ಲಿ ಮಾತ್ರ ಅಷ್ಟೂ ಮರಿ ಇನ್ನೂ ಜೀವಂತವಾಗಿ ಈಜುತ್ತಿವೆ.

ಎರಡನೆಯದು ಇನ್ನೂ ಕಹಿ. ಒಬ್ಬ ಪರಿಚಯದ ರೈತ ಕೃಷಿಹೊಂಡದಲ್ಲಿ ಮೀನು ಬಿಟ್ಟಿದ್ದ. ಏಪ್ರಿಲ್ ತಿಂಗಳ ಒಂದು ಬೆಳಗಿನ ಜಾವ ಹೊಂಡದ ತುಂಬ ಮೀನುಗಳು ಬಾಯಿ ತೆರೆದು ಮೇಲ್ಮೈಗೆ ಬಂದು ಒದ್ದಾಡುತ್ತಿದ್ದವು. ಹೊತ್ತು ಏರುವುದರೊಳಗೆ ಅರ್ಧಕ್ಕರ್ಧ ಸತ್ತವು. ಬದುವಿನ ಜಗಳವಿದ್ದ ದಾಯಾದಿಯೇ ವಿಷ ಹಾಕಿದ್ದಾನೆ ಎಂದು ಊರೆಲ್ಲ ತೀರ್ಮಾನಿಸಿತು. ಮಾತು ಬೆಳೆದು ಕೈಗೆ ಕೈ ಹತ್ತಿತು, ಪೊಲೀಸ್ ಠಾಣೆಯ ಮೆಟ್ಟಿಲೂ ಹತ್ತಿದರು. ನಿಜ ಸಂಗತಿ ಬೇರೆ: ಆ ನೀರು ಎಲೆಹಸಿರು ಬಣ್ಣಕ್ಕೆ ತಿರುಗಿ ವಾರವೇ ಆಗಿತ್ತು. ದಟ್ಟವಾಗಿ ಬೆಳೆದ ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಹೀಗಾಗಿ ನೀರಿನ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ ಇರುವುದು ಸೂರ್ಯ ಹುಟ್ಟುವ ಮೊದಲು. ಗೆಂಡೆಮೀನಿಗೆ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ. ಎರಡಕ್ಕೆ ಇಳಿದರೆ ಅದು ಗಾಳಿಗೆ ಬಾಯಿ ಹಾಕುತ್ತದೆ. ಸಾಲದ್ದಕ್ಕೆ ನೀರು ಬಿಸಿಯಾದಷ್ಟೂ ಅದು ಹಿಡಿದಿಡುವ ಆಮ್ಲಜನಕ ಕಡಿಮೆ. ಹಿಂದಿನ ಸಂಜೆ ಮೇವು ನಿಲ್ಲಿಸಿ, ಪಂಪು ಹಚ್ಚಿ ಅದೇ ನೀರನ್ನು ಮೇಲಿಂದ ಚಿಮ್ಮಿಸಿದ್ದರೆ ಮೀನೂ ಉಳಿಯುತ್ತಿತ್ತು, ದಾಯಾದಿಯ ಹಲ್ಲೂ ಉಳಿಯುತ್ತಿತ್ತು. ಆ ಇಬ್ಬರೂ ಇವತ್ತಿಗೂ ಮಾತಾಡುವುದಿಲ್ಲ.

ಈಗ ಹೇಳಿ, ಮೀನು ಹಿಡಿಯುವುದನ್ನು ಕಲಿಸಲು ಕಾಲೇಜು ಬೇಕೇ ಎನ್ನುವ ಆಯಿಯ ಪ್ರಶ್ನೆಗೆ ಏನು ಉತ್ತರ? ಹಿಡಿಯಲಿಕ್ಕೆ ಬೇಡ. ಬಾರಕೇರರಿಗೂ ಅಂಬಿಗೇರರಿಗೂ ಬಲೆ ಬೀಸುವುದನ್ನು ಯಾವ ಪ್ರೊಫೆಸರೂ ಕಲಿಸಬೇಕಾಗಿಲ್ಲ, ಪ್ರೊಫೆಸರೇ ಅವರಿಂದ ಕಲಿಯಬೇಕು. ಬೆಳೆಸಲಿಕ್ಕೆ ಬೇಕು. ಹೊಲ ಉಳುವುದು ಗೊತ್ತಿದ್ದ ರೈತನಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಏಕೆ ಬೇಕಾಯಿತೋ ಅದಕ್ಕೇ ಬೇಕು. ನಮ್ಮ ಕೆರೆಯಲ್ಲಿರುವ ಕಾಟ್ಲಾ, ರೋಹು, ಮೃಗಾಲ್ ಈ ನಾಡಿನವೇ ಅಲ್ಲ. ಗಂಗೆಯ ಕಡೆಯಿಂದ ತಂದು ಬಿಟ್ಟವು. ಮನೆಅಳಿಯನ ಹಾಗೆ ಚೆನ್ನಾಗಿ ತಿಂದು ಬೆಳೆಯುತ್ತವೆ, ಆದರೆ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಕಟ್ಟಿಟ್ಟ ಗೆಂಡೆಮೀನು ಮೊಟ್ಟೆ ಇಡುವಂತೆ ಮಾಡಿದರು. ಇವತ್ತು ಸಂತೆಯಲ್ಲಿ ಐಸಿನ ಮೇಲಿರುವ ಪ್ರತಿಯೊಂದು ರೋಹುವಿನ ವಂಶಾವಳಿ ಆ ಸೂಜಿಯ ತುದಿಗೆ ಹೋಗಿ ನಿಲ್ಲುತ್ತದೆ. ಅದು ಬಲೆಯ ವಿದ್ಯೆಯಲ್ಲ, ಪ್ರಯೋಗಶಾಲೆಯ ವಿದ್ಯೆ. ಕಾಟ್ಲಾ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಮೂರನ್ನೂ ಯಾವ ಪ್ರಮಾಣದಲ್ಲಿ ಬಿಡಬೇಕು ಎನ್ನುವ ಲೆಕ್ಕ ನಮ್ಮ ಅಕ್ಕಡಿ ಸಾಲಿನ ಲೆಕ್ಕದಂಥದ್ದೇ. ನಮ್ಮ ರೈತನಿಗೆ ಒಮ್ಮೆ ಹೇಳಿದರೆ ಸಾಕು. ಆದರೆ ಹೇಳುವವರು ಬೇಕಲ್ಲ.

ಇನ್ನು ಸಸ್ಯಾಹಾರದ ವಾದ. ಇದನ್ನು ನಮ್ಮ ಕಡೆ ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ, ಕಟ್ಟೆಯ ಮೇಲೆ ಹೇಳುತ್ತಾರೆ. 2021ರ ಡಿಸೆಂಬರಿನಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಎದ್ದ ಗದ್ದಲ ನೆನಪಿದೆಯಲ್ಲ? ಒಂದು ಮೊಟ್ಟೆಗೆ ಅಷ್ಟಾದರೆ ಮೀನಿನ ಕಾಲೇಜಿಗೆ ಎಷ್ಟಾದೀತು ಎಂದು ನಾಯಕರು ಒಳಗೊಳಗೆ ಅಂಜುತ್ತಾರೆ. ನಾನು ಆ ಮನೆಗಳವನೇ ಆದ್ದರಿಂದ ನೇರವಾಗಿ ಹೇಳಬಲ್ಲೆ: ನನ್ನ ತಾಟಿನಲ್ಲಿ ಏನಿರಬೇಕೆಂಬುದು ನನ್ನ ವಿಚಾರ, ಹೊಳೆಯಲ್ಲಿ ಏನಿರಬೇಕೆಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆಳಗಾವಿಗೆ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬಂದದ್ದು ನಾವು ಸಿಹಿ ಜಾಸ್ತಿ ತಿನ್ನುತ್ತೇವೆ ಎಂದಲ್ಲ, ಇಲ್ಲಿ ಕಬ್ಬು ಇದೆ ಎಂದು. ಸಕ್ಕರೆಯ ಮೊಲಾಸಿಸ್‌ನಿಂದ ಏನೇನಾಗುತ್ತದೆ ಎಂಬುದು ಗೊತ್ತಿದ್ದೂ ಕಬ್ಬು ಬೆಳೆಯುವುದನ್ನು ನಮ್ಮಲ್ಲಿ ಯಾರೂ ಬಿಟ್ಟಿಲ್ಲ.

ಮೇಲಾಗಿ ಮೀನಿನ ವಿದ್ಯೆ ನಮಗೆ ಹೊರಗಿನದು ಎನ್ನುವುದೇ ಸುಳ್ಳು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 900 ವರ್ಷದ ಹಿಂದೆ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. 30ಕ್ಕೂ ಹೆಚ್ಚು ಜಾತಿಯ ಮೀನುಗಳನ್ನು, ಕಡಲಿನವು ಹೊಳೆಯವು ಎಂದು ಬೇರೆ ಮಾಡಿ, ಯಾವುದಕ್ಕೆ ಯಾವ ಮೇವು ಹಾಕಿ ಗಾಳಕ್ಕೆ ಪಳಗಿಸಬೇಕು ಎಂದು ಬರೆದಿದ್ದಾನೆ. ಪ್ರಾಣಿಶಾಸ್ತ್ರ ಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ 1951ರಲ್ಲಿ ಆ ಅಧ್ಯಾಯವನ್ನು ವಿಜ್ಞಾನಿಯ ಕಣ್ಣಿನಿಂದ ಓದಿ ಲೇಖನ ಬರೆದರು. ಬಯಲುಸೀಮೆಯ ನಡುವೆ ಕೂತ ರಾಜನಿಗೆ ಇದ್ದ ಕುತೂಹಲ ಇವತ್ತಿನ ಸಚಿವಾಲಯಕ್ಕಿಲ್ಲ. ಇನ್ನು ಪ್ರತಿ ಜನವರಿಯಲ್ಲಿ ನಾವು ವಚನಕಾರ ಅಂಬಿಗರ ಚೌಡಯ್ಯನ ಜಯಂತಿ ಮಾಡುತ್ತೇವೆ. ಹೂವು ಹಾಕಿ, ಭಾಷಣ ಮಾಡಿ, ಅಂಬಿಗನ ಮಕ್ಕಳ ಕಸುಬಿನ ಬಗ್ಗೆ ಒಂದು ಮಾತೂ ಆಡದೆ ಚಹಾ ಕುಡಿದು ಏಳುತ್ತೇವೆ.

ಉದ್ಯೋಗದ ವಾದ ಮಾತ್ರ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾರೆ. ನಮ್ಮ ಹುಡುಗಿಯೇ ಸಾಕ್ಷಿ. ನಾಲ್ಕು ವರ್ಷ ಮೀನು ಓದಿ, ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ ಪರೀಕ್ಷೆ ಬರೆದು, ಈಗ ಟ್ರ್ಯಾಕ್ಟರಿಗೂ ಎಮ್ಮೆಗೂ ಸಾಲ ಮಂಜೂರು ಮಾಡುತ್ತಾಳೆ. ಆ ಪರೀಕ್ಷೆಗೆ ಮೀನುಗಾರಿಕೆ ಪದವಿಯೂ ಸಲ್ಲುತ್ತದೆ. ಅವಳ ಜೊತೆಯವರಲ್ಲಿ ಕೆಲವರು ಮೇವಿನ ಕಂಪನಿಯಲ್ಲಿ, ಕೆಲವರು ಆಂಧ್ರದ ಸಿಗಡಿ ಮರಿಕೇಂದ್ರಗಳಲ್ಲಿ, ಕೆಲವರು ಇನ್ನೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದ ಮುಂದೆ. ಇಲಾಖೆಯ ಹುದ್ದೆ ಖಾಲಿ ಬಿದ್ದಿರುತ್ತದೆ. ಭರ್ತಿಗೆ ಕರೆದಾಗ ಮೀನುಗಾರಿಕೆ ಪದವೀಧರರಿಗೇ ಮೀಸಲೋ, ಪ್ರಾಣಿಶಾಸ್ತ್ರದವರಿಗೂ ಅವಕಾಶವೋ ಎಂಬ ತಕರಾರು. ಈ ಜಗಳ ದೇಶದ ಹಲವು ರಾಜ್ಯಗಳಲ್ಲಿದೆ. ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ: ಪ್ರಾಣಿಶಾಸ್ತ್ರ ಓದಿದವರನ್ನು ದನದ ಡಾಕ್ಟರ್ ಮಾಡುವುದಿಲ್ಲವಾದರೆ ಮೀನಿನ ಅಧಿಕಾರಿ ಏಕೆ ಮಾಡಬೇಕು? ಹಾಗೆಂದು ಪದವೀಧರರ ಪರವಾಗಿಯೂ ಪೂರ್ತಿ ನಿಲ್ಲಲಾರೆ. ಮೇಜು ಕುರ್ಚಿಯ ಕನಸನ್ನಷ್ಟೇ ಇಟ್ಟುಕೊಂಡು ಬರುವ ಪದವೀಧರನಿಂದ ಕೆರೆಗೆ ಏನೂ ಆಗುವುದಿಲ್ಲ.

ಆದ್ದರಿಂದ ಮಲಪ್ರಭೆಯ ಕಾಲೇಜು ಮಂಗಳೂರಿನ ಇನ್ನೊಂದು ಪ್ರತಿ ಆಗಬಾರದು. ಪದವಿಯ ಜೊತೆಗೇ ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಡಿಪ್ಲೊಮಾ ಬೇಕು, ಕನ್ನಡದಲ್ಲಿ. ಕೃಷಿ ಡಿಪ್ಲೊಮಾ ಕನ್ನಡದಲ್ಲಿ ನಡೆದಿದೆ. ಮೀನಿನದು ನಡೆಯದೆ ಏನು? ಅಂಬಿಗೇರ ಓಣಿಯ ಹುಡುಗನಿಗೆ ಸಿಇಟಿಯ ಭೌತಶಾಸ್ತ್ರ ದಾಟಲು ಆಗದಿರಬಹುದು, ಆದರೆ ಮರಿಯ ಚೀಲ ತೇಲಿಸುವುದನ್ನೂ ಆಮ್ಲಜನಕ ಅಳೆಯುವುದನ್ನೂ ಅವನಷ್ಟು ಚೆನ್ನಾಗಿ ಇನ್ನಾರೂ ಮಾಡಲಾರರು. ಅವನ ಅಪ್ಪನ ಬಾಯಲ್ಲಿ ಕೊರವ, ಚೇಳುಮೀನು, ಹಾವುಮೀನು ಎಂದು ಹೆಸರುಗಳಿವೆ, ಯಾವ ಮೀನು ಯಾವ ಮಳೆಗೆ ಯಾವ ಹಳ್ಳ ಹತ್ತುತ್ತದೆ ಎನ್ನುವ ಪಂಚಾಂಗವಿದೆ. ಅದನ್ನು ಯಾರೂ ಬರೆದಿಟ್ಟುಕೊಳ್ಳುತ್ತಿಲ್ಲ. ಆ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ.

ಗುತ್ತಿಗೆಯ ವಿಚಾರವನ್ನೂ ಇಲ್ಲೇ ಎತ್ತಬೇಕು. ಸಣ್ಣ ಕೆರೆ ಪಂಚಾಯಿತಿಯದು, ದೊಡ್ಡದು ಇಲಾಖೆಯದು. ಹರಾಜು ಕೂಗಿದಾಗ ರೊಕ್ಕ ಇದ್ದವನದ್ದೇ ಬಾಯಿ ದೊಡ್ಡದು. ಮೀನುಗಾರರ ಸಹಕಾರ ಸಂಘದ ಹೆಸರಿನಲ್ಲಿ ಹಿಂದೆ ನಿಂತು ರೊಕ್ಕ ಹಾಕುವವನು ಬೇರೆ ಇರುತ್ತಾನೆ. ಗುತ್ತಿಗೆ ಅವಧಿ ಮುಗಿಯುವುದರೊಳಗೆ ಹಾಕಿದ್ದು ತೆಗೆಯಬೇಕೆಂಬ ಆತುರದಲ್ಲಿ ಸಣ್ಣ ಕಣ್ಣಿನ ಬಲೆ ಬೀಸಿ ಮರಿ-ಮೊಟ್ಟೆ ಎನ್ನದೆ ಗೋರುತ್ತಾನೆ. ತುಂಗಭದ್ರಾ ಜಲಾಶಯದಲ್ಲಿ 'ಅಲಿವಿ' ಎಂಬ ದೈತ್ಯ ಎಳೆಬಲೆ ಸಣ್ಣ ಮೀನುಗಳನ್ನು ಹೇಗೆ ಬಾಚಿತು ಎಂಬುದನ್ನು ವಿಜ್ಞಾನಿಗಳು ಎಂದೋ ಬರೆದಿಟ್ಟಿದ್ದಾರೆ. ಓದಿದವರು ದಂಡೆಯಲ್ಲಿದ್ದರೆ ಹರಾಜು ನಿಲ್ಲುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಯಾವ ಕೆರೆ ಎಷ್ಟು ಮೀನು ತಾಳುತ್ತದೆ, ಬಲೆಯ ಕಣ್ಣು ಎಷ್ಟಿರಬೇಕು ಎಂದು ಕಾಗದದ ಮೇಲೆ ಸಹಿ ಹಾಕಿ ಹೇಳುವ ಒಬ್ಬರಾದರೂ ಇರುತ್ತಾರೆ. ಈಗ ಆ ಜಾಗದಲ್ಲಿ ಖಾಲಿ ಕುರ್ಚಿ ಇದೆ.

"ಡ್ಯಾಮೇ ತುಂಬೂದಿಲ್ಲ" ಎನ್ನುವವರಿಗೆ ಒಂದು ಮಾತು. ನಿಜ, ರೇಣುಕಾಸಾಗರ ಎಷ್ಟೋ ವರ್ಷ ಬಸಿದುಹೋದ ಹಗೇವಿನಂತೆ ಬಿದ್ದಿರುತ್ತದೆ. ಆದರೆ 2019ರ ಆಗಸ್ಟಿನಲ್ಲಿ ಮುನವಳ್ಳಿ, ರಾಮದುರ್ಗಗಳನ್ನು ಮುಳುಗಿಸುವಷ್ಟು ಉಕ್ಕಿತು. ಹೀಗೆ ಒಮ್ಮೆ ಬತ್ತಿ ಒಮ್ಮೆ ಉಕ್ಕುವ ನೀರಿನಲ್ಲಿ ಮೀನು ಸಾಕುವುದು ಹೇಗೆ ಎಂಬುದೇ ಒಂದು ದೊಡ್ಡ ಪಾಠ. ಅದನ್ನು ಮಂಗಳೂರಿನ ನೇತ್ರಾವತಿಯ ದಂಡೆಯಲ್ಲಿ ಕೂತು ಕಲಿಯಲಾಗುವುದಿಲ್ಲ. ಈ ನೀರಿಗಾಗಿ ನಾವು ಏನೆಲ್ಲ ಮಾಡಿದ್ದೇವೆ! 1980ರ ಜುಲೈನಲ್ಲಿ ಇದೇ ಮಲಪ್ರಭೆಯ ಅಚ್ಚುಕಟ್ಟಿನಲ್ಲಿ, ನರಗುಂದ ನವಲಗುಂದಗಳಲ್ಲಿ, ಬೆಟರ್‌ಮೆಂಟ್ ಲೆವಿ ಎಂಬ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತರು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದಿತು. ಮಲಪ್ರಭೆಗೆ ತಿರುಗಿಸಲು ಅದರಲ್ಲಿ ಸಿಕ್ಕದ್ದು 3.9. ಟಿಎಂಸಿಯ ದಶಮಾಂಶ ಬಿಂದುವಿಗೂ ಹೋರಾಡುವ ನಾವು ಆ ನೀರಿನೊಳಗೆ ಏನು ಬದುಕಿದೆ ಎಂದು ಮಾತ್ರ ಒಂದು ದಿನವೂ ಕೇಳಿಲ್ಲ. ಕಾಲುವೆಯವರಿಗೆ ಅದು ಕ್ಯೂಸೆಕ್, ಕಬ್ಬಿನವರಿಗೆ ಪಾಳಿ, ನಗರದವರಿಗೆ ನಳ. ಮೀನಿನ ಕಣ್ಣಿನಿಂದ ಆ ನೀರನ್ನು ನೋಡುವ ಒಂದು ಸಂಸ್ಥೆಯಾದರೂ ದಂಡೆಯಲ್ಲಿದ್ದರೆ, ಯಾರ ಕೊಳಚೆ ಎಲ್ಲಿ ಬಂದು ಸೇರುತ್ತಿದೆ ಎಂಬುದೂ ಹೊರಬರುತ್ತದೆ. ಮೀನು ಸತ್ತ ಮೇಲೆ ಪಂಚನಾಮೆ ಬರೆಯುವ ಬದಲು ಸಾಯುವ ಮೊದಲು ನೀರು ಅಳೆಯುವವರು ಇರುತ್ತಾರೆ. ಇದು ಕೆಲವರಿಗೆ ಬೇಡವಾದ ಸಂಗತಿ ಎಂಬುದೂ ನನಗೆ ಗೊತ್ತಿದೆ.

ಕೇಂದ್ರದ ಮತ್ಸ್ಯ ಸಂಪದಾ ಯೋಜನೆ 2020ರಲ್ಲಿ ಬಂದಾಗ 20,050 ಕೋಟಿ ರೂಪಾಯಿ ಎಂದು ಹೇಳಿದರು. ನಮ್ಮ ತಾಲೂಕಿನ ಕಟ್ಟೆಗಳಲ್ಲಿ ಅದರ ಹೆಸರು ಕೇಳಿಬಂದದ್ದು ಸಬ್ಸಿಡಿಯ ಅರ್ಜಿ ತುಂಬುವಾಗ ಮಾತ್ರ. ಹೊಂಡ ತೋಡಲು ರೊಕ್ಕ ಸಿಗುತ್ತದೆ, ಹೊಂಡದ ನೀರು ಹಸಿರಾದರೆ ಯಾರನ್ನು ಕೇಳಬೇಕು ಎನ್ನುವುದಕ್ಕೆ ಉತ್ತರ ಸಿಗುವುದಿಲ್ಲ.

ನಮ್ಮ ನಾಯಕರಿಗೆ ಕಾಲೇಜು ತರುವುದೆಂದರೆ ಕಮಾನು ಕಟ್ಟುವುದು, ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸುವುದು. ಅಂಥ ಕಾಲೇಜು ಬೇಡ. ಮೊದಲ ವರ್ಷ ಕಟ್ಟಡವೇ ಬೇಡ. ನವಿಲುತೀರ್ಥದ ಕೆಳಗೆ ಹತ್ತು ಹೊಂಡ ತೋಡಿ, ಮರಿ ಹುಟ್ಟಿಸುವ ಒಂದು ಶೆಡ್ಡು ಹಾಕಿ, ನೀರು ಪರೀಕ್ಷಿಸುವ ಒಂದು ಕೋಣೆ ಮಾಡಿ. ಮಂಗಳೂರಿನ ಕೊನೆಯ ವರ್ಷದ ಹುಡುಗ-ಹುಡುಗಿಯರನ್ನು ಒಂದು ಸೆಮಿಸ್ಟರ್ ಇಲ್ಲಿಗೆ ಕಳಿಸಿ. ಹಳ್ಳಿಯಲ್ಲಿದ್ದು ಕಲಿಯುವುದು ಅವರ ಪಠ್ಯದಲ್ಲಿಯೇ ಇದೆ. ಡಿಪ್ಲೊಮಾದ ಮೊದಲ ತಂಡವನ್ನು ಸವದತ್ತಿ, ಯರಗಟ್ಟಿ, ರಾಮದುರ್ಗ, ಬೈಲಹೊಂಗಲದ ಓಣಿಗಳಿಂದ ಆರಿಸಿ. ಕಮಾನು ಆಮೇಲೆ ಕಟ್ಟಿಕೊಳ್ಳಿರಿ.

ಮೊನ್ನೆ ಅದೇ ಕೆರೆಗೆ ಮತ್ತೆ ಮರಿ ಬಂದವು. ಈ ಸಲ ನಾನು ಮುಂಚಿತವಾಗಿ ಹೋಗಿ ನಿಂತಿದ್ದೆ. "ಚೀಲಾ ಹರೀಬ್ಯಾಡ್ರಿ, ಇಪ್ಪತ್ತ ಮಿಂಟ ತೇಲಾಕ ಬಿಡ್ರಿ" ಎಂದೆ. ಟೆಂಪೋದ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವ ಫಿಶರೀಸ್ ಸಾಹೇಬ್ರೇನ್ರಿ?" "ಅಲ್ಲಪಾ" ಎಂದೆ, "ಮೀನ ತಿನ್ನಾವನೂ ಅಲ್ಲ." ಅವನಿಗೆ ನಗು ಬಂತು. ಚೀಲಗಳನ್ನು ಒಂದೊಂದಾಗಿ ನೀರಿಗೆ ಇಳಿಸಿದ. ನಾನು ಕೈಗಡಿಯಾರ ನೋಡುತ್ತ ದಂಡೆಯ ಕಲ್ಲಿನ ಮೇಲೆ ಕೂತೆ. ಹದಿನೆಂಟನೆಯ ನಿಮಿಷಕ್ಕೆ ಅವನಿಗೆ ಮುಂದಿನ ಕೆರೆಯಿಂದ ಫೋನು ಬಂತು, ಲಗೂನ ಬಾ ಎಂದು.